ಕ್ಯಾರವಾನ್ ಟ್ರೇಲರ್ ಕಟ್ಟಿಕೊಂಡು ಘಟ್ಟ ಇಳಿಯುವುದು ಹೇಗೆ?

ಕಾರಿನ ಹಿಂದೆ ಪುಟ್ಟ ಮನೆ ಕಟ್ಟಿಕೊಂಡು ಹೊರಡುವುದು ಕೇಳೋಕೆ ಚೆಂದ. ಮಕ್ಕಳಿಗೆ ಹಾಸಿಗೆ ಇದೆ, ಆಯಿಗೆ ಚಾ ಮಾಡೋಕೆ ಒಲೆ ಇದೆ. ಆದರೆ ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ದಾರಿ, ನಡುವೆ ದೇವಿಮನೆ ಘಟ್ಟ. ಅಲ್ಲಿ ಹಿಂದಿನ ಮನೆ ನಿಮ್ಮನ್ನೇ ತಳ್ಳೋಕೆ ಶುರುಮಾಡುತ್ತದೆ.

ಮೊದಲು ರಿವರ್ಸ್ ಕಲಿಯಿರಿ. ನಮ್ಮ ಅಂಗಳದ ತುಂಬ ಅಡಿಕೆ ಹರವಿದ್ದರಿಂದ ನಾನು ಊರ ಮೈದಾನಕ್ಕೆ ಹೋದೆ, ಮೊದಲ ದಿನವೇ ದರೆಗೆ ಗುದ್ದಿದೆ. ಸ್ಟಿಯರಿಂಗ್‌ನ ಕೆಳಭಾಗ ಹಿಡಿದುಕೊಳ್ಳಿ. ಟ್ರೇಲರ್ ಎಡಕ್ಕೆ ಹೋಗಬೇಕಾ, ಕೈ ಎಡಕ್ಕೆ. ಬಲಕ್ಕಾದರೆ ಬಲಕ್ಕೆ. ಪರಿಚಯದ ಟ್ರ್ಯಾಕ್ಟರ್ ಡ್ರೈವರ್ ಇದ್ದರೆ ಅವರನ್ನೇ ಗುರು ಮಾಡಿಕೊಳ್ಳಿ.

ಆಮೇಲೆ ಸಾಮಾನು. ಎತ್ತಿನ ಗಾಡಿ ಹೊಡೆದ ಅಜ್ಜಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಹಿಂಭಾರ ಆದರೆ ಮೂಕಿ, ಅಂದರೆ ಗಾಡಿಯ ಮುಂದಿನ ಉದ್ದ ಮರ, ಮೇಲೇಳುತ್ತದೆ. ಟ್ರೇಲರ್‌ಗೂ ಅದೇ ಲೆಕ್ಕ, ಹಿಂಭಾರ ಆದರೆ ಬಾಲ ಓಲಾಡುತ್ತದೆ. ನೀರಿನ ಕ್ಯಾನು, ಅಕ್ಕಿ ಚೀಲದಂಥ ಭಾರದ್ದೆಲ್ಲ ಚಕ್ರದ ಅಚ್ಚಿನಿಂದ ಸ್ವಲ್ಪ ಮುಂದೆ, ನೆಲದ ಮೇಲೆ ಇಡಿ. ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಕಾರಿಗೆ ಸೇರಿಸುವ ಕೊಂಡಿಯ ಮೇಲೆ ಕೂರಬೇಕು. ಅಂದರೆ 800 ಕೆ.ಜಿ. ಟ್ರೇಲರ್ ಆದರೆ 80ರಿಂದ 120 ಕೆ.ಜಿ. ಸುಮ್ನೆ ಅಂದಾಜು ಮಾಡಬೇಡಿ, ಸಾಮಾನು ತುಂಬಿದ ಮೇಲೆ ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ, ನಿಮ್ಮ ಕಾರು ಎಷ್ಟು ಎಳೆಯಬಲ್ಲದು ಎಂದು ಅದರ ಪುಸ್ತಕದಲ್ಲಿ ನೋಡಿ.

ಕೊಂಡಿ ಲಾಕ್ ಆಗಿದೆಯಾ, ಕೊಂಡಿ ಕಳಚಿದರೆ ಹಿಡಿಯುವ ಸರಪಳಿಗಳು ಅಡಿಯಲ್ಲಿ ಕತ್ತರಿ ಆಕಾರದಲ್ಲಿವೆಯಾ, ಲೈಟ್ ಉರಿಯುತ್ತಿವೆಯಾ, ಸಿಲಿಂಡರ್ ಬಂದ್ ಆಗಿದೆಯಾ ನೋಡಿ. ಓಡುವಾಗ ಟ್ರೇಲರ್ ಒಳಗೆ ಯಾರೂ ಇರಬಾರದು, ಮಕ್ಕಳು ಎಷ್ಟು ಹಟ ಮಾಡಿದರೂ ಸರಿ.

ಇನ್ನು ಘಟ್ಟ. ರಸ್ತೆ ತೆರೆದಿದೆಯಾ ಎಂದು ಹೊರಡುವ ಮುಂಚೆಯೇ ವಿಚಾರಿಸಿ. ಇಳಿಜಾರು ಶುರುವಾಗುವ ಮೊದಲೇ ಸೆಕೆಂಡ್ ಗೇರ್‌ಗೆ ಬನ್ನಿ, ವೇಗ ಏರಿದ ಮೇಲೆ ಗೇರ್ ಹುಡುಕಿ ಪ್ರಯೋಜನವಿಲ್ಲ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುವುದು ದೊಡ್ಡ ತಪ್ಪು. ಒತ್ತಿ, ಬಿಡಿ, ಮತ್ತೆ ಒತ್ತಿ. ಸುಟ್ಟ ವಾಸನೆ ಬಂತಾ, ಅಗಲ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ಮೇಲೆ ನೀರು ಸುರಿಯಬೇಡಿ. ತಿರುವಿನಲ್ಲಿ ಟ್ರೇಲರ್ ಚಕ್ರ ಕಾರಿನದಕ್ಕಿಂತ ಒಳಗೆ ಸಾಗುತ್ತದೆ, ಹಾಗಾಗಿ ಸ್ವಲ್ಪ ಅಗಲಕ್ಕೆ ತಿರುಗಿಸಿ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದ್ದರೆ ಜಾಗ ಸಿಕ್ಕಲ್ಲಿ ದಾರಿ ಕೊಡಿ, ಸ್ಪರ್ಧೆ ಯಾಕೆ ಅಲ್ವಾ? ಟ್ರೇಲರ್ ಓಲಾಡತೊಡಗಿದರೆ ಗಾಬರಿಯಲ್ಲಿ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರ್ ಬಿಟ್ಟು ಸ್ಟಿಯರಿಂಗ್ ನೆಟ್ಟಗೆ ಹಿಡಿಯಿರಿ.

ಮಳೆಗಾಲದಲ್ಲಿ ಇದೆಲ್ಲ ಬೇಡವೇ ಬೇಡ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೇ ಬಿತ್ತು. ಯಾವ ಕಾಲದಲ್ಲೂ ಕಡಿದ ಗುಡ್ಡದ ಬುಡದಲ್ಲಿ ಚಾ ಕುಡಿಯಲು ನಿಲ್ಲಿಸಬೇಡಿ.

ಕೆಳಗೆ ಬಂದ ಮೇಲೆ ಟ್ರೇಲರನ್ನು ಮರಳಿಗೆ ಇಳಿಸಬೇಡಿ, ಹೂತರೆ ಎಳೆಯೋಕೆ ಆಗದು. ಯಾರದ್ದಾದರೂ ಗಟ್ಟಿ ನೆಲದ ಹಿತ್ತಲು ಕೇಳಿಕೊಳ್ಳಿ, ತೆಂಗಿನ ಮರದ ಬುಡ ಮಾತ್ರ ಬೇಡ! ಮೊದಲು ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಕೊಂಡಿ ಬಿಚ್ಚಿ. ಗೋಕರ್ಣದ ಓಣಿಗಳಿಗೆ, ಯಾಣಕ್ಕೆ ಬರೀ ಕಾರಲ್ಲಿ ಹೋಗಿ ಬನ್ನಿ.

ವಾಪಸ್ ಘಟ್ಟ ಹತ್ತುವಾಗ ಇಂಜಿನ್ ಬಿಸಿಯ ಸೂಜಿ ಮೇಲೆ ಕಣ್ಣಿರಲಿ. ಏರಿದರೆ ಎ.ಸಿ. ಬಂದ್ ಮಾಡಿ ಕಿಟಕಿ ತೆಗೆಯಿರಿ, ಮಕ್ಕಳು ಗೊಣಗಿದರೆ ಗೊಣಗಲಿ.