ವಿಕಿಪೀಡಿಯ ತರಗತಿ ಮಾಡಿಸುವ ಮೊದಲು

ಉಡುಪಿ ಕಡೆಯ ಟೀಚರ್‌ಗಳೇ, ಮಕ್ಕಳಿಂದ ವಿಕಿಪೀಡಿಯ ಬರೆಸುವ ಯೋಚನೆ ಇದ್ದರೆ ಇದನ್ನು ಗಮನಿಸಿ. ಒಂದೇ ಇಂಟರ್‌ನೆಟ್ ಸಂಪರ್ಕದಿಂದ ದಿನಕ್ಕೆ ಸಾಮಾನ್ಯವಾಗಿ 6 ಹೊಸ ಖಾತೆ ಮಾತ್ರ ತೆರೆಯಬಹುದು. ಲ್ಯಾಬ್‌ನಲ್ಲಿ ಏಳನೇ ಮಗುವಿಗೇ ಕೆಲಸ ನಿಂತುಬಿಡುತ್ತದೆ. ಹಾಗಾಗಿ ಮನೆಯಲ್ಲೇ, ಅಪ್ಪ ಅಮ್ಮನ ಎದುರು ಖಾತೆ ಮಾಡಿಕೊಂಡು ಬರಲಿ. ಖಾತೆಗೆ ನಿಜ ಹೆಸರು, ಶಾಲೆಯ ಹೆಸರು ಬೇಡ.

ಮೊದಲ ದಿನವೇ ಬರೆಸಬೇಡಿ. ಮಂಗಳೂರಿನ ಪುಟ ತೆರೆದು ‘ಇತಿಹಾಸ’ ಒತ್ತಿಸಿ. ಯಾರು, ಯಾವಾಗ, ಏನು ಬದಲಿಸಿದರು ಅಂತ ಸಾಲಾಗಿ ಕಾಣುತ್ತದೆ. ಯಾವ ಮಾತಿಗೆ ಉಲ್ಲೇಖ ಇಲ್ಲ ಎಂದು ಮಕ್ಕಳೇ ಹುಡುಕಲಿ. ನನ್ನ ಪ್ರಕಾರ ಬರೆಯುವುದಕ್ಕಿಂತ ಇದೇ ಜಾಸ್ತಿ ಕಲಿಸುತ್ತದೆ. ಆಮೇಲೆ ಪ್ರಯೋಗಪುಟದಲ್ಲಿ, ಅಂದರೆ ಬರೆದು ಅಭ್ಯಾಸ ಮಾಡಲೆಂದೇ ಇರುವ ಪುಟದಲ್ಲಿ, ಬರೆಯಲಿ. ಪುಸ್ತಕದಿಂದ ನಕಲು ಮಾತ್ರ ಬೇಡ, ಅಳಿಸಿಬಿಡುತ್ತಾರೆ. ಮನೆಯಲ್ಲಿ ತುಳು ಮಾತಾಡುವ ಮಕ್ಕಳಿಗೆ 2016ರಿಂದ ತುಳು ವಿಕಿಪೀಡಿಯವೂ ಇದೆ, ಅಲ್ಲೂ ಬರೆಸಿ.