ಸಿಹಿನೀರಿನ ಕೊಲೆ: ಘಟಪ್ರಭೆ ದಂಡೆಯ ಥ್ರಿಲ್ಲರ್ ಕಟ್ಟಿದ ಬಗೆ

ನದಿ ಮಾಲಿನ್ಯದ ಮೇಲೆ ಪತ್ತೇದಾರಿ ಕಾದಂಬರಿ ಬರೆಯುವವರಿಗೆ ಮೊದಲು ಅಡ್ಡ ಬರುವುದು ಬಣ್ಣ ಮತ್ತು ವಾಸನೆ. ಮುಧೋಳ, ಜಮಖಂಡಿ, ಬೀಳಗಿ ಸೀಮೆ ಅಂದಕೂಡಲೆ ಕಬ್ಬು, ಸಕ್ಕರೆ, ಕಾಕಂಬಿ, ಡಿಸ್ಟಿಲರಿಯಲ್ಲಿ ಮದ್ಯಸಾರ ತೆಗೆದು ಉಳಿದ ಹೊಲಸು ನೀರಾದ ಸ್ಪೆಂಟ್‌ವಾಶ್ ನೆನಪಾಗುತ್ತವೆ. ಸ್ಪೆಂಟ್‌ವಾಶ್ ಕಡುಕಂದು ಬಣ್ಣದ್ದು, ಬಿಸಿ, ಪಿಎಚ್ (ಹುಳಿಯ ಅಳತೆ) 4ರ ಆಸುಪಾಸು, ಬಿಓಡಿ (ಹೊಲಸು ಕೊಳೆಯಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 40-50 ಸಾವಿರ ಮಿಲಿಗ್ರಾಂ. ಅದು ಹಳ್ಳಕ್ಕೆ ಬಿದ್ದರೆ ಎಲ್ಲಿಂದ ಬಂತೆಂದು ದನ ಕಾಯುವ ಹುಡುಗನೂ ಹೇಳುತ್ತಾನೆ. ನನ್ನ ಮೊದಲ ಕರಡು ಸತ್ತದ್ದು ಇಲ್ಲಿಯೇ: ಎರಡನೇ ಅಧ್ಯಾಯಕ್ಕೇ ಅಪರಾಧಿ ಸಿಕ್ಕಿಬಿದ್ದ, ಉಳಿದ ಇನ್ನೂರು ಪುಟ ಬರೀ ಬೆನ್ನಟ್ಟುವುದಾಯಿತು.

ಆಮೇಲೆ ಬಣ್ಣವಿಲ್ಲದ ಕೊಲೆಗಾರನನ್ನು ಹುಡುಕಿದೆ. ಅದು ಸಕ್ಕರೆಯೇ.

ಸಕ್ಕರೆ ವಿಷವಲ್ಲ. ಆದರೆ 1 ಕಿಲೋ ಸಕ್ಕರೆ ನೀರಿನಲ್ಲಿ ಪೂರ್ತಿ ಕೊಳೆಯಲು ಸುಮಾರು 1.12 ಕಿಲೋ ಆಮ್ಲಜನಕ ಬೇಕು. ಇನ್ನು ಬ್ಯಾರೇಜಿನ ಲೆಕ್ಕ ನೋಡಿ. ಗೇಟು ಹಾಕಿ ನಿಲ್ಲಿಸಿದ ನೀರು 1 ಕಿಲೋಮೀಟರ್ ಉದ್ದ, 60 ಮೀಟರ್ ಅಗಲ, ಸರಾಸರಿ 2 ಮೀಟರ್ ಆಳ ಎಂದರೆ 1,20,000 ಘನ ಮೀಟರ್. ಲೀಟರಿಗೆ 7 ಮಿಲಿಗ್ರಾಂ ಕರಗಿದ ಆಮ್ಲಜನಕ ಹಿಡಿದರೆ ಆ ನೀರಿನಲ್ಲಿ ಇರುವುದೆಲ್ಲ ಸೇರಿ 840 ಕಿಲೋ. ಅಷ್ಟನ್ನೂ ತಿಂದುಹಾಕಲು 50 ಕಿಲೋದ 15 ಚೀಲ ಸಕ್ಕರೆ ಸಾಕು. ಗಾಳಿಯಿಂದ ಆಮ್ಲಜನಕ ಮತ್ತೆ ಕರಗಿ ಸೇರುತ್ತಲೇ ಇರುತ್ತದೆ, ಹಾಗಾಗಿ ಕಥೆಗೆ ಇದರ ಎರಡು-ಮೂರು ಪಟ್ಟು ಬೇಕು. ಈ ಲೆಕ್ಕವನ್ನು ಬರಹಗಾರ ಮೊದಲೇ ಹಾಕಿಟ್ಟುಕೊಳ್ಳಬೇಕು. ಹಾಕದಿದ್ದರೆ ಒಂದು ಬಕೆಟ್ ಹೊಲಸು ಸುರಿದು ಇಡೀ ಕೃಷ್ಣೆಯನ್ನು ಕೊಲ್ಲುವ ಕಥೆ ಬರೆದುಬಿಡುತ್ತೇವೆ, ಕಾರ್ಖಾನೆಯಲ್ಲಿ ದುಡಿದ ಓದುಗ ಅಲ್ಲಿಗೇ ಪುಸ್ತಕ ಮುಚ್ಚುತ್ತಾನೆ.

ಇಷ್ಟು ಸಕ್ಕರೆ ಯಾರೂ ಬೇಕಂತಲೇ ನೀರಿಗೆ ಸುರಿಯುವುದಿಲ್ಲ. ಕಾರಣ ಕಾರ್ಖಾನೆಯ ಒಳಗಿನಿಂದಲೇ ಹುಟ್ಟಬೇಕು. ಕಬ್ಬಿನ ರಸವನ್ನು ಕುದಿಸಿ ಗಟ್ಟಿ ಮಾಡುವ ಇವ್ಯಾಪರೇಟರಿನಲ್ಲಿ ರಸ ಅಳತೆ ಮೀರಿ ಕುದ್ದು ಉಕ್ಕಿದರೆ, ಆವಿಯ ಜೊತೆ ರಸದ ಹನಿಯೂ ಮುಂದಿನ ಪಾತ್ರೆಗೆ ದಾಟುತ್ತದೆ. ಆ ಆವಿ ತಣಿದು ಬರುವ ಕಂಡೆನ್ಸೇಟ್ ನೀರಿನಂತೆಯೇ ತಿಳಿಯಾಗಿ ಕಂಡರೂ ಒಳಗೆ ಸಕ್ಕರೆ ಇರುತ್ತದೆ. ಅದನ್ನು ಬಾಯ್ಲರಿಗೆ ಕೊಟ್ಟರೆ ಸಕ್ಕರೆ ಒಡೆದು ಆಮ್ಲವಾಗುತ್ತದೆ, ಪಿಎಚ್ ಇಳಿಯುತ್ತದೆ, ನೊರೆ ಏಳುತ್ತದೆ, ಟ್ಯೂಬು ಹಾಳಾಗುತ್ತವೆ. ಆದ್ದರಿಂದ ಪಾಳಿಯವರು ಆ ನೀರನ್ನು ಬಾಯ್ಲರಿಗೆ ಬಿಡದೆ ಬೇರೆ ಕಡೆ ತಿರುಗಿಸುತ್ತಾರೆ. ಅದು ಹೋಗಬೇಕಾದದ್ದು ಶುದ್ಧೀಕರಣ ಘಟಕಕ್ಕೆ. ಕಥೆಯಲ್ಲಿ ಅದು ಹಳ್ಳಕ್ಕೆ ಹೋಗುತ್ತದೆ. ತಾಸಿಗೆ 50 ಘನ ಮೀಟರಿನಂತೆ 8 ತಾಸು, ಘನ ಮೀಟರಿಗೆ 5 ಕಿಲೋ ಸಕ್ಕರೆ: ಒಟ್ಟು 2,000 ಕಿಲೋ. ಒಂದೇ ರಾತ್ರಿ ಪಾಳಿಯ ತಪ್ಪು ಒಂದು ಬ್ಯಾರೇಜಿಗೆ ಸಾಕಾಗುತ್ತದೆ. ಕೇಡಿಗತನವನ್ನು ಎಲ್ಲಿಂದಲೋ ತಂದು ತುರುಕುವ ಅಗತ್ಯವೇ ಬೀಳಲಿಲ್ಲ. ಮೊದಲು ತಪ್ಪು, ಆಮೇಲೆ ಅದನ್ನು ಮುಚ್ಚುವ ಭಯ, ಆ ಭಯದ ಬೆನ್ನಿಗೆ ಅಪರಾಧ.

ಇಡೀ ಕಾದಂಬರಿ ನಿಂತಿರುವ ಮೊಳೆ ಇನ್ನೊಂದಿದೆ, ಅದು ಹೊತ್ತು. ಸಕ್ಕರೆ ಬಿದ್ದ ರಾತ್ರಿಯೇ ಮೀನು ಸಾಯುವುದಿಲ್ಲ. ಸೂಕ್ಷ್ಮಜೀವಿಗಳು ಬೆಳೆಯಬೇಕು, ತಿನ್ನಬೇಕು. ಕೊಳೆಯುವ ವೇಗ, ಆಯಾ ಹೊತ್ತಿಗೆ ಉಳಿದದ್ದರ ಮೇಲೆ, ದಿನಕ್ಕೆ 0.35 ಎಂದು ಹಿಡಿದೆ. ಮೊದಲ 24 ತಾಸಿಗೆ ಸುಮಾರು 30%, 36 ತಾಸಿಗೆ 40% ಆಮ್ಲಜನಕದ ಬೇಡಿಕೆ ತೀರುತ್ತದೆ, ಅಂದರೆ ಸುಮಾರು 900 ಕಿಲೋ ಆಮ್ಲಜನಕ. ಅದರ ಮೇಲೆ ರಾತ್ರಿಯಿಡೀ ಪಾಚಿಯೂ ಆಮ್ಲಜನಕವನ್ನು ಬಳಸುತ್ತದೆ, ಬೆಳಕಿಲ್ಲದ್ದರಿಂದ ಹೊಸದನ್ನು ಬಿಡುವುದಿಲ್ಲ. ಹಾಗಾಗಿ ಕರಗಿದ ಆಮ್ಲಜನಕ ತೀರಾ ತಳ ಕಾಣುವುದು ನಸುಕಿನಲ್ಲಿ. ಸೋಮವಾರ ರಾತ್ರಿ ಬಿಟ್ಟ ನೀರು ಬುಧವಾರ ನಸುಕಿಗೆ ಮೀನು ತೇಲಿಸುತ್ತದೆ. ಪಿಎಸ್ಐ ಊರವರನ್ನೆಲ್ಲ ಕೇಳುವುದು ಮಂಗಳವಾರ ರಾತ್ರಿಯ ಲೆಕ್ಕ. ಎಲ್ಲರೂ ಖರೇನೇ ಹೇಳುತ್ತಾರೆ, ಯಾರೂ ಸಿಕ್ಕಿಬೀಳುವುದಿಲ್ಲ, ಯಾಕೆಂದರೆ ಕೇಳುತ್ತಿರುವ ರಾತ್ರಿಯೇ ತಪ್ಪು. ಓದುಗನಿಗೂ ಇದು ಹೊಳೆಯಬಾರದು, ಆದರೆ ಹೊಳೆಯಲು ಬೇಕಾದದ್ದೆಲ್ಲ ಅವನ ಕಣ್ಣ ಮುಂದೆ ಇರಬೇಕು.

ಹರಿಯುವ ನೀರಿನಲ್ಲಿ ಇದಕ್ಕೆ ಜಾಗದ ಗೊಂದಲವೂ ಸೇರುತ್ತದೆ. ಅಮೆರಿಕದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಓಹಿಯೋ ನದಿಯ ಮೇಲೆ ಮಾಡಿದ ಕೆಲಸದಿಂದ ಗೊತ್ತಾದ ಮಾತು ಇದು: ಆಮ್ಲಜನಕ ಅತಿ ಕಡಿಮೆಯಾಗುವುದು ಕೊಳವೆಯ ಬಾಯಿಯ ಹತ್ತಿರ ಅಲ್ಲ, ಅದಕ್ಕಿಂತ ಕೆಳಗೆ. ನೀರು ಸೆಕೆಂಡಿಗೆ 0.3 ಮೀಟರ್ ಸರಿದರೂ ದಿನಕ್ಕೆ ಸುಮಾರು 26 ಕಿಲೋಮೀಟರ್ ದಾಟುತ್ತದೆ. ಸತ್ತ ಮೀನಿನ ಪಕ್ಕದ ಊರಿನವರ ಮೇಲೆ ಸಂಶಯ ಬೀಳುವುದು ಸಹಜ.

ಸುಳಿವುಗಳ ಪೈಕಿ ನನಗೆ ತೀರಾ ಮೆಚ್ಚಿಗೆಯಾದದ್ದು ಬದುಕಿ ಉಳಿದ ಮೀನು. ಕಟ್ಲಾ, ರೋಹು ಬಾಯಿ ಮೇಲೆ ಮಾಡಿ ಗಾಳಿಗೆ ಹಾತೊರೆದು ಸಾಯುತ್ತವೆ. ಮುರೆಲ್ ಮತ್ತು ಚೇಳುಮೀನಿಗೆ ಮೇಲಿನ ಗಾಳಿಯನ್ನೇ ಉಸಿರಾಡುವ ಅಂಗ ಇದೆ, ಅವು ಉಳಿಯುತ್ತವೆ. ಕೀಟನಾಶಕ ಬಿದ್ದಿದ್ದರೆ ಸಾಮಾನ್ಯವಾಗಿ ಹೀಗೆ ಆರಿಸಿ ಆರಿಸಿ ಸಾಯುವುದಿಲ್ಲ. ಈ ಮಾತನ್ನು ವಿಜ್ಞಾನಿಯ ಬಾಯಲ್ಲಿ ಹಾಕಿದರೆ ಪಾಠವಾಗುತ್ತದೆ. ಬಲೆ ಹಾಕುವ ಹಿರಿಯನ ಬಾಯಲ್ಲಿ ಹಾಕಿದೆ:

“ಇಸಾ ಹಾಕಿದ್ರ ಎಲ್ಲಾ ಸಾಯಬೇಕಾಗಿತ್ತಲ್ರೀ ಸಾಹೇಬ್ರ. ಚೇಳುಮೀನ ಹೆಂಗ ಉಳದಾವು?”

“ಕಾಕಾ, ನೀ ಮೀನ ಮಾರಾಂವ, ನಿನಗೇನ್ ಗೊತ್ತು ಇಸದ ಮಾತು.”

ಪಿಎಸ್ಐ ಹೀಗೆ ತಳ್ಳಿಹಾಕುವುದರಿಂದ ಓದುಗನೂ ತಳ್ಳಿಹಾಕುತ್ತಾನೆ. ನೂರು ಪುಟದ ನಂತರ ಅದೇ ಮಾತು ತಿರುಗಿ ಬರುತ್ತದೆ.

ಪ್ರಯೋಗಾಲಯದ ದೃಶ್ಯಗಳಲ್ಲಿ ಹೆಸರುಗಳನ್ನು ಕಡಿಮೆ ಮಾಡಿ, ಕೈ ಮಾಡುವ ಕೆಲಸವನ್ನು ತೋರಿಸಿದೆ. ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ಪರೀಕ್ಷೆ ಇದಕ್ಕೆ ಹೇಳಿ ಮಾಡಿಸಿದ್ದು. 300 ಎಂಎಲ್ ಗಾಜಿನ ಬಾಟಲಿಗೆ ಗುಳ್ಳೆ ಸಿಗದಂತೆ ನೀರು ತುಂಬಿ, ದಂಡೆಯ ಮೇಲೆಯೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಅಜೈಡ್ ಹಾಕುತ್ತಾರೆ. ಕಂದು ಗಸಿ ಕೂತರೆ ಆಮ್ಲಜನಕ ಇದೆ, ಬಿಳಿ ಗಸಿ ಕೂತರೆ ಇಲ್ಲ. ಬ್ಯಾಟರಿ ಬೆಳಕಿನಲ್ಲಿ ಬಾಟಲಿ ತಿರುಗಿಸಿದಾಗ ಬಿಳಿ ಗಸಿ ಕಂಡರೆ ಸಾಕು, ಒಂದು ಮಾತೂ ಬೇಕಿಲ್ಲ. ಮುಂದೆ ಆಮ್ಲ ಹಾಕಿ ಕರಗಿಸಿ, 200 ಎಂಎಲ್ ತೆಗೆದು 0.025 ನಾರ್ಮಲ್ ಸಾಂದ್ರತೆಯ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಟ್ಟು ಅಳೆದರೆ (ಟೈಟ್ರೇಟ್ ಮಾಡಿದರೆ), ಅಳತೆಯ ಕೊಳವೆ ಬ್ಯುರೆಟ್ಟಿನಲ್ಲಿ ಇಳಿದ ಪ್ರತಿ 1 ಎಂಎಲ್ ಎಂದರೆ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ. ಸಕ್ಕರೆ ಹಿಡಿಯಲು ಕಾರ್ಖಾನೆಯ ಕೆಮಿಸ್ಟ್‌ಗಳು ದಿನಾ ಮಾಡುವ ಆಲ್ಫಾ ನ್ಯಾಫ್ತಾಲ್ ಪರೀಕ್ಷೆ ಇದೆ: ಟೆಸ್ಟ್‌ಟ್ಯೂಬಿನ ನೀರಿಗೆ ಆಲ್ಫಾ ನ್ಯಾಫ್ತಾಲಿನ ಕೆಲವು ಹನಿ ಹಾಕಿ, ಗೋಡೆಗುಂಟ ಗಟ್ಟಿ ಸಲ್ಫ್ಯೂರಿಕ್ ಆಮ್ಲ ಇಳಿಸಿದರೆ, ಸಕ್ಕರೆ ಇದ್ದಲ್ಲಿ ಎರಡರ ನಡುವೆ ನೇರಳೆ ಉಂಗುರ ಏಳುತ್ತದೆ. ಇಲ್ಲಿ ಎಚ್ಚರ ಬೇಕು: ಬ್ಯಾರೇಜಿನಲ್ಲಿ ಸಕ್ಕರೆ ಎರಡು ದಿನದಲ್ಲಿ ತೆಳುವಾಗಿ, ಕೊಳೆತು, ಗುರುತು ಸಿಗದಂತಾಗುತ್ತದೆ. ಉಂಗುರ ಕಾಣಬೇಕಾದರೆ ಹಳ್ಳದ ಬಾಯಲ್ಲಿ ಅದೇ ರಾತ್ರಿ ತುಂಬಿ ಬರ್ಫದಲ್ಲಿಟ್ಟ ಬಾಟಲಿಯೇ ಬೇಕು. ಆ ಬಾಟಲಿ ಯಾರ ಮನೆಯ ಫ್ರಿಜ್‌ನಲ್ಲಿದೆ ಎಂಬುದು ನಡುಭಾಗದ ಓಟ.

ಬಿಓಡಿ ಪರೀಕ್ಷೆ ನಮ್ಮಲ್ಲಿ 27 ಡಿಗ್ರಿಯಲ್ಲಿ 3 ದಿನ. ಬರಹಗಾರನಿಗೆ ಇದು ಬಿಟ್ಟಿ ಸಿಕ್ಕ ಗಡುವು. ನೀರನ್ನು ಸಾಕಷ್ಟು ತೆಳು ಮಾಡದೆ ಇಟ್ಟರೆ ಬಾಟಲಿಯ ಆಮ್ಲಜನಕವೆಲ್ಲ ಮೊದಲೇ ಮುಗಿದು, ಇಷ್ಟಕ್ಕಿಂತ ಹೆಚ್ಚು ಎಂಬುದರ ಹೊರತು ಅಂಕಿ ಬರುವುದೇ ಇಲ್ಲ. ಕಥೆಯ ಹೊಸ ಕೆಮಿಸ್ಟ್ ಇದೇ ತಪ್ಪು ಮಾಡುತ್ತಾಳೆ, ಮೂರು ದಿನವೂ ಹೋಗುತ್ತದೆ, ಮಾದರಿಯೂ ಮುಗಿಯುತ್ತದೆ.

ಕಾನೂನಿನಲ್ಲಿ ಎಡವುವವರು ಬಹಳ. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಅಧಿಕಾರಿ ನೋಟಿಸು ಕೊಟ್ಟು, ಜಾಗದವರ ಮುಂದೆ ಮಾದರಿಯನ್ನು ಎರಡು ಭಾಗ ಮಾಡಿ, ಸೀಲು ಹಾಕಿ, ಇಬ್ಬರ ಸಹಿ ತೆಗೆದುಕೊಂಡರೆ ಮಾತ್ರ ಆ ಕಲಂನಡಿ ಅದರ ವರದಿ ಸಾಕ್ಷ್ಯವಾಗುತ್ತದೆ. ಫ್ರಿಜ್ಜಿನ ಬಾಟಲಿ ನಾಯಕಿಗೆ ಸತ್ಯ ತಿಳಿಸಬಹುದು, ಆ ದಾರಿಯಲ್ಲಿ ಶಿಕ್ಷೆ ಕೊಡಿಸಲಾರದು. ಹಾಗಾಗಿ ಪುರಾವೆ ಕಾಗದದಲ್ಲಿ ಇರಬೇಕಾಯಿತು. ಕಾರ್ಖಾನೆಯ ಪ್ರಯೋಗಾಲಯದ ರಜಿಸ್ಟರಿನಲ್ಲಿ ಆ ಪಾಳಿಯ ಕಂಡೆನ್ಸೇಟಿನ ಸಕ್ಕರೆ ತಾಸುತಾಸಿಗೂ ‘ನಿಲ್’ ಎಂದಿದೆ. ಬಾಯ್ಲರ್ ಮನೆಯ ರಜಿಸ್ಟರಿನಲ್ಲಿ ಅದೇ ತಾಸುಗಳಲ್ಲಿ ಪಿಎಚ್ ಇಳಿದಿದೆ, ಬ್ಲೋಡೌನ್ (ಬಾಯ್ಲರಿನ ಕೆಟ್ಟ ನೀರು ಹೊರಬಿಡುವುದು) ಹೆಚ್ಚು ಮಾಡಿದ ನಮೂದಿದೆ, ಆಮೇಲೆ ಹೊರಗಿನ ನೀರು ಕೊಟ್ಟ ನಮೂದಿದೆ. ಒಂದು ಪುಸ್ತಕ ತಿದ್ದಿದವನಿಗೆ ಇನ್ನೊಂದು ಇಲಾಖೆಯ ಪುಸ್ತಕ ನೆನಪಾಗಲಿಲ್ಲ.

ಮನುಷ್ಯನ ಸಾವು ಒಂದೇ ಇಟ್ಟೆ: ಹೊಲಸು ನೀರಿನ ತೊಟ್ಟಿಗೆ ಇಳಿದ ಕೂಲಿಯವನದು. ಅಲ್ಲಿ ತುಂಬಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಅನಿಲ 100 ಪಿಪಿಎಂ (ಹತ್ತು ಲಕ್ಷ ಪಾಲಿಗೆ 100 ಪಾಲು) ದಾಟುತ್ತಲೇ ಮೂಗನ್ನು ಸೋಲಿಸುತ್ತದೆ, ಕೊಳೆತ ಮೊಟ್ಟೆಯ ವಾಸನೆ ಇಲ್ಲವಾಗುತ್ತದೆ, ಅದಕ್ಕೇ ಇಳಿದವನಿಗೆ ಅಪಾಯ ಹೋಯಿತೆನಿಸುತ್ತದೆ. ಶವವನ್ನು ನದಿಗೆ ಹಾಕಿ ಮುಳುಗಿ ಸತ್ತನೆಂದು ಯುಡಿಆರ್ (ಅಸಹಜ ಸಾವಿನ ವರದಿ) ಮಾಡಿಸುತ್ತಾರೆ. ಅವನ ಬೆಳ್ಳಿಯ ಉಡದಾರ ಆ ಅನಿಲ ತಾಗಿ ಕಪ್ಪಾಗಿರುವುದು ಹೆಂಡತಿಯ ಕಣ್ಣಿಗೆ ಬೀಳುತ್ತದೆ, ಮುಂಜಾನೆ ಬಿಳಿ ಇತ್ತು ಅನ್ನುತ್ತಾಳೆ. ಇಲ್ಲಿಯೂ ಒಂದು ಕುಣಿಕೆ ಇದೆ: ಆಮ್ಲಜನಕ ಸತ್ತ ಕೆಸರಿನಲ್ಲಿ ಬಹಳ ಹೊತ್ತು ಬಿದ್ದರೂ ಬೆಳ್ಳಿ ಕಪ್ಪಾಗುತ್ತದೆ. ಆದ್ದರಿಂದ ಶವ ಸಿಗುವುದನ್ನು ಬ್ಯಾರೇಜಿನ ನಿಂತ ನೀರಿಗಿಂತ ಮೇಲ್ಗಡೆ ಚೊಕ್ಕ ಹರಿಯುವ ನೀರಿಗೆ, ಸತ್ತ ಕೆಲವೇ ತಾಸಿಗೆ ಸರಿಸಿದೆ. ಅಸ್ಥಿಮಜ್ಜೆಯ ಡಯಾಟಮ್ ಪರೀಕ್ಷೆಯನ್ನು (ಬದುಕಿದ್ದಾಗ ಮುಳುಗಿದವನ ಮಜ್ಜೆಯಲ್ಲಿ ನೀರಿನ ಸೂಕ್ಷ್ಮ ಪಾಚಿ ಸಿಗುತ್ತದೆಯೇ ಎಂದು ನೋಡುವುದು) ಎರಡನೇ ಆಧಾರವಾಗಿ ಇಟ್ಟೆ, ಒಂದೇ ಆಧಾರವಾಗಿ ಅಲ್ಲ, ಅದು ತಪ್ಪು ಹೇಳುವುದುಂಟು.

ನದಿ, ತಾಲೂಕು, ಸಂತೆ ಖರೆ ಹೆಸರಿನವು. ಕಾರ್ಖಾನೆ, ಹಳ್ಳ, ಬ್ಯಾರೇಜ್ ಮೂರೂ ಕಲ್ಪಿತ. ಇರುವ ಕಾರ್ಖಾನೆಯ ಗೇಟಿನ ಬಣ್ಣವನ್ನೂ ಬಳಸಲಿಲ್ಲ. ಕಥೆ ಮಾರ್ಚ್ ಕೊನೆಗೆ, ನುರಿಸುವ ಹಂಗಾಮು ಮುಗಿಯುವ ಹೊತ್ತಿಗೆ ಶುರುವಾಗುತ್ತದೆ. ಮಳೆಗಾಲದ ಹರಿವಿನಲ್ಲಿ ಇಷ್ಟು ಸಕ್ಕರೆ ಲೆಕ್ಕಕ್ಕೇ ಬರುವುದಿಲ್ಲ. ಕೊನೆಯ ಅಧ್ಯಾಯದ ಗಡುವೂ ಅಲ್ಲಿಂದಲೇ ಬಂತು: ಜೂನಿನಲ್ಲಿ ಬ್ಯಾರೇಜಿನ ಗೇಟು ಎತ್ತುವ ದಿನ. ಅಷ್ಟರೊಳಗೆ ತಳದ ಕೆಸರಿನ ಮಾದರಿ ನೋಟಿಸು, ಸೀಲು, ಸಹಿ ಸಮೇತ ಕೈಗೆ ಬರಬೇಕು. ಗೇಟು ಎದ್ದರೆ ಕೆಸರೆಲ್ಲ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರಿ ಆಲಮಟ್ಟಿಯ ಹಿನ್ನೀರಿಗೆ ಹೋಗುತ್ತದೆ.