ಓಟಿಲ್ಲದವಳ ಎಲೆಕ್ಷನ್ ಡ್ಯೂಟಿ

ನನ್ನ ಹತ್ತಿರ ಇರೋದು ಗ್ರೀನ್ ಕಾರ್ಡ್. ಅಮೆರಿಕದ ಚುನಾವಣೆಯಲ್ಲಿ ನನಗೆ ಓಟಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಗ್ರೀನ್ ಕಾರ್ಡ್ ಇರುವವರೂ ಮತಗಟ್ಟೆಯಲ್ಲಿ ಕೆಲಸ ಮಾಡಬಹುದು. ಇದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ನನಗೆ ಮನಸ್ಸು ಬಂದಿದ್ದು 2024ರ ಮಾರ್ಚ್ ಪ್ರೈಮರಿ, ಅಂದರೆ ಮೊದಲ ಸುತ್ತಿನ ಚುನಾವಣೆ, ಆದಮೇಲೆ. ಇಲ್ಲಿ ಪ್ರೈಮರಿಯಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸ್ಥಾನಗಳಿಗೆ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ನಿಲ್ಲುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ನಾನಿರುವ ಮೌಂಟನ್ ವ್ಯೂ ಸೇರುವ 16ನೇ ಕಾಂಗ್ರೆಸ್ ಕ್ಷೇತ್ರದಲ್ಲಿ ಎರಡನೇ ಸ್ಥಾನಕ್ಕೆ ಇವಾನ್ ಲೋ, ಜೋ ಸಿಮಿಟಿಯನ್ ಇಬ್ಬರಿಗೂ ಸರಿಯಾಗಿ 30,249 ಓಟು ಬಂತು. ಮರುಎಣಿಕೆ ಆದಾಗ ಲೋ 5 ಓಟಿನಿಂದ ಮುಂದೆ! ಒಂದು ಮನೆಯ ಜನ ಅಷ್ಟೇ ಅಲ್ವಾ ಅದು? ಅವತ್ತೇ ಮತಗಟ್ಟೆ ಕೆಲಸಕ್ಕೆ ಕೌಂಟಿಗೆ (ಇಲ್ಲಿನ ಜಿಲ್ಲಾಡಳಿತ) ಅರ್ಜಿ ಹಾಕಿದೆ. ಅಪ್ಪ ಊರಲ್ಲಿ ಮೇಷ್ಟ್ರು, ಎಷ್ಟೋ ಸಲ ಎಲೆಕ್ಷನ್ ಡ್ಯೂಟಿ ಮಾಡಿದವರು. ಫೋನಲ್ಲಿ ಒಂದೇ ಮಾತು ಹೇಳಿದರು, "ಯಾರನ್ನೂ ಸುಮ್ನೆ ವಾಪಸ್ ಕಳಿಸಬೇಡ ಮಗಳೇ."

ಇಲ್ಲಿ ಎಲ್ಲ ಮತದಾರರಿಗೂ ಮತಪತ್ರ ಅಂಚೆಯಲ್ಲೇ ಮನೆಗೆ ಬರುತ್ತದೆ. ಹಾಗಾಗಿ ವೋಟ್ ಸೆಂಟರ್‌ಗೆ, ಅಂದರೆ ಮತಗಟ್ಟೆಗೆ, ಬರುವವರಲ್ಲಿ ಜಾಸ್ತಿ ಜನ ಏನೋ ಒಂದು ತೊಡಕು ಹೊತ್ತುಕೊಂಡೇ ಬರುತ್ತಾರೆ. ಮತಪತ್ರದ ಲಕೋಟೆ ಕಳೆದಿದೆ, ಮನೆ ಬದಲಾಯಿಸಿದೆ, ಪಟ್ಟಿಯಲ್ಲಿ ಹೆಸರೇ ಇಲ್ಲ. ಟ್ಯಾಬ್ಲೆಟ್‌ನಲ್ಲಿ ಹೆಸರು ಹುಡುಕಿ, ಅವರ ಲಕೋಟೆ ಇನ್ನೂ ವಾಪಸ್ ಬಂದಿಲ್ಲ ಅಂತ ನೋಡಿ, ಹಳೆಯದನ್ನು ರದ್ದು ಮಾಡಿ ಹೊಸದು ಕೊಡಬೇಕು.

ನವೆಂಬರ್ ಚುನಾವಣೆಯ ದಿನ ಒಬ್ಬ ಹಿರಿಯರು, ಕನ್ನಡದವರು, ನನ್ನ ಹೆಸರಿನ ಚೀಟಿ ನೋಡಿ ಹತ್ತಿರ ಬಂದು ಎಡಗೈ ತೋರುಬೆರಳು ಮುಂದೆ ಚಾಚಿದರು. "ಶಾಯಿ ಹಾಕಲ್ವೇನಮ್ಮಾ?" ಇಲ್ಲ ಅಂಕಲ್, ಇಲ್ಲಿ ಶಾಯಿಯ ಕೆಲಸವನ್ನು ಈ ಟ್ಯಾಬ್ಲೆಟ್ ಮಾಡುತ್ತೆ ಅಂದೆ. 'ನಾನು ಓಟು ಹಾಕಿದೆ' ಅನ್ನುವ ಸ್ಟಿಕ್ಕರ್ ಕೊಟ್ಟೆ. ಅಂಗಿಗೆ ಅಂಟಿಸಿಕೊಂಡರೂ ಬೆರಳನ್ನು ಒಮ್ಮೆ ನೋಡಿಕೊಂಡರು. ಭಾರತಕ್ಕೆಲ್ಲಾ ಆ ಶಾಯಿ ಮಾಡಿ ಕಳಿಸುವುದು ನಮ್ಮ ಮೈಸೂರು ತಾನೇ, ಅವರಿಗೆ ಅದಿಲ್ಲದೆ ಓಟು ಹಾಕಿದ ಹಾಗೆ ಅನಿಸಲಿಲ್ಲವೇನೋ.

ಆ ದಿನ ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ, "ಸೆನೆಟ್‌ಗೆ ಅದೇ ಇಬ್ಬರ ಹೆಸರು ಎರಡು ಸಲ ಇದೆಯಲ್ಲ, ಪ್ರಿಂಟ್ ತಪ್ಪಾ?" ತಪ್ಪಲ್ಲ. ತೀರಿಹೋದ ಸೆನೆಟರ್ (ಸಂಸತ್ತಿನ ಮೇಲ್ಮನೆ ಸದಸ್ಯೆ) ಡಯಾನ್ ಫೈನ್‌ಸ್ಟೈನ್ ಅವರ ಅವಧಿಯಲ್ಲಿ ಉಳಿದ ಕೆಲವು ವಾರಕ್ಕೆ ಒಂದು ಚುನಾವಣೆ, ಮುಂದಿನ 6 ವರ್ಷಕ್ಕೆ ಇನ್ನೊಂದು. ಅಭ್ಯರ್ಥಿಗಳಾದ ಆಡಮ್ ಷಿಫ್, ಸ್ಟೀವ್ ಗಾರ್ವಿ ಎರಡರಲ್ಲೂ ಇದ್ದರು. ಅದರ ಜೊತೆಗೆ ರಾಜ್ಯದ 10 ಪ್ರಸ್ತಾವಗಳಿಗೆ ಹೌದು ಅಥವಾ ಇಲ್ಲ ಅಂತ ಗುರುತು ಹಾಕಬೇಕಿತ್ತು. ಅಭಿಪ್ರಾಯ ಕೇಳಿದರೆ ನಾವು ಬಾಯಿ ಬಿಡುವ ಹಾಗಿಲ್ಲ.

ಮತಗಟ್ಟೆಯ 100 ಅಡಿಯೊಳಗೆ ಪ್ರಚಾರ ಮಾಡುವಂತಿಲ್ಲ, ಬಟ್ಟೆಯ ಮೇಲೆ ಅಭ್ಯರ್ಥಿಯ ಹೆಸರು ಕೂಡ ಇರಬಾರದು. ಟ್ರಂಪ್ ಹೆಸರಿನ ಟೋಪಿ ಹಾಕಿದ ಒಬ್ಬರಿಗೆ ತೆಗೆಯಿರಿ ಅಂದಾಗ ಅವರ ಮುಖ ಕೆಂಪಾಯಿತು. ಹತ್ತೇ ನಿಮಿಷಕ್ಕೆ ಹ್ಯಾರಿಸ್ ಟೀ ಶರ್ಟಿನ ಹೆಂಗಸು ಬಂದರು. ಅವರಿಗೂ ಜಾಕೆಟ್ ಮುಚ್ಚಿಕೊಳ್ಳಲು ಹೇಳಿದೆ. ಸಾಲಿನಲ್ಲಿದ್ದ ಟೋಪಿಯವರು ಅದನ್ನು ನೋಡಿ ಮೆಲ್ಲಗೆ ತಲೆಯಾಡಿಸಿದರು. ಒಬ್ಬರಿಗೊಂದು ನಿಯಮ ಮಾಡಿದ್ದರೆ ಅಲ್ಲೇ ಜಗಳ ಆಗುತ್ತಿತ್ತು.

ನನ್ನಿಂದ ಒಂದು ತಪ್ಪೂ ಆಗುವುದರಲ್ಲಿತ್ತು. ಸಂಜೆ ಒಬ್ಬ ಹುಡುಗ ಬಂದ, ಹೆಸರು ಎಲ್ಲೂ ಸಿಗಲಿಲ್ಲ. ದಣಿದಿದ್ದೆ, "ಸಾರಿ" ಅಂದುಬಿಟ್ಟೆ. ಅವನು ಬಾಗಿಲ ತನಕ ಹೋದ. ಆಗ ಅಪ್ಪನ ಮಾತು ನೆನಪಾಗಿ ಓಡಿಹೋಗಿ ಕರೆತಂದೆ. ಅವತ್ತೇ ನೋಂದಾಯಿಸಿ ಓಟು ಹಾಕಲು ಇಲ್ಲಿ ಅವಕಾಶವಿದೆ, ಮತಪತ್ರ ಬೇರೆ ಲಕೋಟೆಗೆ ಹೋಗುತ್ತದೆ, ಕಚೇರಿಯವರು ಪರಿಶೀಲಿಸಿ ಆಮೇಲೆ ಎಣಿಸುತ್ತಾರೆ. ನನಗೆ ಇದೆಲ್ಲ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅವನು ಹೋಗಿಯೇ ಬಿಟ್ಟಿದ್ದರೆ ಅಂತ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ರಾತ್ರಿ 8ಕ್ಕೆ ಸಾಲಿನ ಕೊನೆಗೆ ಹೋಗಿ ನಿಂತೆ. ನನ್ನ ಮುಂದಿರುವವರೆಲ್ಲ ಓಟು ಹಾಕಬಹುದು, ಹಿಂದೆ ಯಾರೂ ಸೇರುವ ಹಾಗಿಲ್ಲ.

ಆಮೇಲೆ ವಾರಗಟ್ಟಲೆ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ, "ಕ್ಯಾಲಿಫೋರ್ನಿಯಾದವರು ಇನ್ನೂ ಎಣಿಸ್ತಾ ಇದಾರಾ?" ಹೌದು, ಒಂದೊಂದು ಲಕೋಟೆಯ ಸಹಿಯನ್ನೂ ಕಡತದ ಸಹಿಗೆ ಹೋಲಿಸಿ ನೋಡಬೇಕು. 13ನೇ ಕಾಂಗ್ರೆಸ್ ಕ್ಷೇತ್ರದಲ್ಲಿ ಆಡಮ್ ಗ್ರೇ 187 ಓಟಿನಿಂದ ಗೆದ್ದರು ಅಂತ ಗೊತ್ತಾಗಿದ್ದು ಡಿಸೆಂಬರ್ 3ಕ್ಕೆ. ಅಷ್ಟರಲ್ಲಿ ಆ ಹುಡುಗನ ಲಕೋಟೆಯನ್ನೂ ಯಾರೋ ತೆರೆದಿರುತ್ತಾರೆ.